ಬಂಡೀಪುರದಿಂದ ವಾಪಸ್: ಮೈಸೂರು ದಾಟಿದ ಮೇಲಿನ ದಾರಿಯನ್ನು ನೀವು ಹೇಗೆ ಮುಗಿಸುತ್ತೀರಿ?

ರಾಗಿಗುಡ್ಡದವನು | ಭಾನುವಾರ ರಾತ್ರಿ 10:50

ಈಗ ತಾನೇ ಮನೆಗೆ ಬಂದು ಬಿದ್ದೆ. ಬ್ಯಾಗುಗಳು ಇನ್ನೂ ಡಿಕ್ಕಿಯಲ್ಲೇ ಇವೆ, ಇಳಿಸುವ ಶಕ್ತಿ ಇಲ್ಲ. ಕಣ್ಣು ಮುಚ್ಚಿದರೆ ಮುಂದಿನ ಗಾಡಿಯ ಕೆಂಪು ಲೈಟೇ ಕಾಣುತ್ತಿದೆ.

ಎರಡು ದಿನ ಬಂಡೀಪುರಕ್ಕೆ ಹೋಗಿದ್ದೆವು. ನಾನು, ಹೆಂಡತಿ, ಏಳು ವರ್ಷದ ಮಗಳು, ಅಮ್ಮ. ಕಾಡಿನ ಕಥೆ ಇನ್ನೊಂದು ದಿನ ಬರೆಯುತ್ತೇನೆ. ಹುಲಿ ಕಾಣಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸೀಳುನಾಯಿಗಳ ಒಂದು ಗುಂಪು ಸಿಕ್ಕಿತು, ಕಾಟಿಗಳು ಸಿಕ್ಕವು, ಜಿಂಕೆಗೆ ಲೆಕ್ಕವಿಲ್ಲ. ಮಗಳಿಗೆ ನವಿಲೇ ಸಾಕಾಗಿತ್ತು.

ನಾನು ಕೇಳಬೇಕಾಗಿರುವುದು ವಾಪಸ್ ಬರುವ ದಾರಿಯ ಬಗ್ಗೆ. ಬೆಳಗಿನ ಸಫಾರಿಗೆ ಅಂತ ಇವತ್ತು 4:45ಕ್ಕೆ ಎದ್ದಿದ್ದು. ಆಮೇಲೆ ತಿಂಡಿ, ರೂಮು ಖಾಲಿ ಮಾಡಿದ್ದು, ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಬೆಟ್ಟಕ್ಕೆ ನಮ್ಮ ಗಾಡಿ ಬಿಡುವುದಿಲ್ಲವಲ್ಲ, ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ಸಿಗೆ ಕಾಯ್ದೆವು. ಗುಂಡ್ಲುಪೇಟೆಯಲ್ಲಿ ಎರಡೂವರೆಗೆ ಊಟ. ಅಮ್ಮನ ಆಸೆಗೆ ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನ. ಮೈಸೂರಿನ ರಿಂಗ್ ರಸ್ತೆ ಹಿಡಿದು ಬೆಂಗಳೂರು ಹೆದ್ದಾರಿಗೆ ಬರುವಾಗ ಐದೂವರೆ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಮಂಡ್ಯ ಬೈಪಾಸ್ ದಾಟಿದ ಮೇಲೆ ಕತ್ತಲಾಯಿತು. ಹಿಂದೆ ಅಮ್ಮ, ಮಗಳು ಮಲಗಿದ್ದರು. ಹೆಂಡತಿ ಪಕ್ಕದಲ್ಲಿ ಕೂತು ಬಾದಾಮಿ ಕೊಡುತ್ತಾ, ಏನೋ ಮಾತಾಡಿಸುತ್ತಾ ಇದ್ದಳು. ನೇರ ರಸ್ತೆ, ನುಣ್ಣನೆ ಡಾಂಬರು, ನೂರರ ವೇಗ. ಚನ್ನಪಟ್ಟಣದ ಹತ್ತಿರ ಇರಬೇಕು. ಹಿಂದಿನ ಬಸ್ಸಿನವನು ಹಾರ್ನ್ ಬಾರಿಸಿದ. ನೋಡಿದರೆ ನಾನು ಒಂದು ಲೇನ್ ಬಿಟ್ಟು ಇನ್ನೊಂದು ಲೇನಿನಲ್ಲಿದ್ದೇನೆ. ಯಾವಾಗ ಅಲ್ಲಿಗೆ ಬಂದೆ ಅನ್ನುವುದು ನನಗೆ ನೆನಪಿಲ್ಲ. ಕಣ್ಣು ತೆರೆದೇ ಇತ್ತು ಅನ್ನುತ್ತಾಳೆ ಹೆಂಡತಿ. ಅಮ್ಮ ಹಿಂದಿನಿಂದ ಒಂದೇ ಮಾತು ಹೇಳಿದರು: "ಕಾಡಲ್ಲಿ ಜಿಂಕೆಗೆ ಹೆದರಿ ಮೂವತ್ತರಲ್ಲಿ ಬಂದೆಯಲ್ಲೋ, ನಾವು ಜಿಂಕೆಗಿಂತ ಕಡೆಯಾ?"

ಸಿಕ್ಕ ಮೊದಲ ದಾರಿಯಲ್ಲಿ ಸರ್ವಿಸ್ ರಸ್ತೆಗೆ ಇಳಿದು, ಒಂದು ಟೀ ಅಂಗಡಿ ಮುಂದೆ ಮುಕ್ಕಾಲು ಗಂಟೆ ಕೂತೆ. ಆಮೇಲೆ ಬಿಡದಿ ಹತ್ತಿರದ ಟೋಲಿನಲ್ಲಿ ಫಾಸ್ಟ್ಯಾಗ್‌ನಲ್ಲಿ ದುಡ್ಡಿಲ್ಲ ಅಂತ ಗೇಟು ಏಳಲಿಲ್ಲ. ತಪ್ಪು ನನ್ನದೇ, ಹಿಂದಿನವರ ಬೈಗುಳ ಬೇರೆ. ಯುಪಿಐನಲ್ಲಿ ಒಂದೂಕಾಲು ಪಟ್ಟು ಕಟ್ಟಿ ಬಂದೆ. ಕುಂಬಳಗೋಡಿಗೆ 8:15. ಮನೆಗೆ 10:10. ಅಂದರೆ ಊರ ಬಾಗಿಲಿಂದ ಮನೆ ಬಾಗಿಲಿಗೆ ಸುಮಾರು ಎರಡು ಗಂಟೆ!

ನೀವೆಲ್ಲ ಈ ಕೊನೆಯ ದಾರಿಯನ್ನು ಹೇಗೆ ಮುಗಿಸುತ್ತೀರಿ? ಬೇರೆ ರಸ್ತೆ ಇದೆಯಾ, ಬೇರೆ ಹೊತ್ತು ಇದೆಯಾ, ಅಥವಾ ನನಗೆ ವಯಸ್ಸಾಯಿತಾ?

ಹಳೇ ಅಂಬಾಸಿಡರ್ | ಭಾನುವಾರ ರಾತ್ರಿ 11:20

ಮೊದಲು ಹೋಗಿ ಮಲಗಿ. ಬ್ಯಾಗು ನಾಳೆ ಇಳಿಸಬಹುದು.

ವಯಸ್ಸಲ್ಲ. 4:45ಕ್ಕೆ ಎದ್ದವನು ಸಂಜೆ ಏಳಕ್ಕೆ ಹದಿನಾಲ್ಕು ಗಂಟೆಯಿಂದ ಎಚ್ಚರ ಇರುತ್ತಾನೆ. ಅದರಲ್ಲಿ ಅರ್ಧ ದಿನ ಬಿಸಿಲು, ಧೂಳು, ಜೀಪಿನ ಕುಲುಕಾಟ. ಮೇಲೆ ಗುಂಡ್ಲುಪೇಟೆ ಊಟ. ಕಣ್ಣು ತೆರೆದೇ ಇರುತ್ತದೆ, ಮಿದುಳು ಮೂರು ನಾಲ್ಕು ಸೆಕೆಂಡು ರಜೆ ಹಾಕುತ್ತದೆ. ನೂರರ ವೇಗದಲ್ಲಿ ಗಾಡಿ ಸೆಕೆಂಡಿಗೆ 28 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡು ಅಂದರೆ ನೂರು ಮೀಟರಿಗೂ ಜಾಸ್ತಿ. ಆ ಬಸ್ಸಿನವನಿಗೆ ಒಂದು ನಮಸ್ಕಾರ ಹಾಕಿ.

ಇನ್ನೊಂದು ಮಾತು. ಎ.ಸಿ. ಹಾಕಿಕೊಂಡು ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿರುತ್ತೀರಿ ಅಲ್ವಾ? ನಾಲ್ಕು ಜನ ಬಿಟ್ಟ ಉಸಿರು ಕಾರಿನೊಳಗೇ ತುಂಬುತ್ತದೆ. ತಲೆ ಮಂಕಾಗಲು ಅಷ್ಟು ಸಾಕು. ಅರ್ಧ ಗಂಟೆಗೊಮ್ಮೆ ಹೊರಗಿನ ಗಾಳಿ ಬಿಡಿ.

ಕಾಫಿ ಕುಡಿದ ತಕ್ಷಣ ಹೊರಡಬೇಡಿ. ಅದು ಕೆಲಸ ಶುರು ಮಾಡಲು ಇಪ್ಪತ್ತು ನಿಮಿಷವಾದರೂ ಬೇಕು. ಕುಡಿದು, ಸೀಟು ಹಿಂದಕ್ಕೆ ಬಾಗಿಸಿ, ಆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ನಲವತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ಇದಕ್ಕಿಂತ ಒಳ್ಳೆ ಮದ್ದು ಸಿಕ್ಕಿಲ್ಲ. ಹಾಡು ಜೋರಾಗಿ ಹಾಕುವುದು, ಕಿಟಕಿ ಇಳಿಸುವುದು, ಮುಖಕ್ಕೆ ನೀರು, ಇವೆಲ್ಲ ಹತ್ತು ನಿಮಿಷದ ಆಟ.

ಹಿಂದೆ ಮೈಸೂರು ರಸ್ತೆಯಲ್ಲಿ ನಿದ್ದೆ ಬರುವುದಕ್ಕೆ ಬಿಡುತ್ತಲೇ ಇರಲಿಲ್ಲ. ಮಂಡ್ಯದೊಳಗೆ ಎಮ್ಮೆ, ಮದ್ದೂರಿನಲ್ಲಿ ಸಂತೆ, ಚನ್ನಪಟ್ಟಣದಲ್ಲಿ ಸ್ಕೂಲು ಬಿಟ್ಟ ಮಕ್ಕಳು, ರಾಮನಗರದಲ್ಲಿ ರೇಷ್ಮೆಗೂಡಿನ ಗಾಡಿಗಳು. ಬೈದುಕೊಂಡೇ ಬರುತ್ತಿದ್ದೆವು. ಬೈಯುವವನಿಗೆ ನಿದ್ದೆ ಎಲ್ಲಿಂದ ಬರಬೇಕು?

ಮಂಡ್ಯದ ಮಗ | ಭಾನುವಾರ ರಾತ್ರಿ 11:41

ಬೈಪಾಸ್ ದಾಟಿದೆ, ಬೈಪಾಸ್ ದಾಟಿದೆ. ಊರು ಯಾರಿಗೂ ಬೇಡ.

118 ಕಿಲೋಮೀಟರ್ ರಸ್ತೆ ಮಾಡಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಪಕ್ಕಕ್ಕೆ ಸರಿಸಿದರು. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದಾಗ ನಾನೂ ಚಪ್ಪಾಳೆ ತಟ್ಟಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ನೋಡಿದರೆ ಹಳೇ ರಸ್ತೆಯಲ್ಲಿ ಎಳನೀರು ಮಾರುವ ನಮ್ಮ ಚಿಕ್ಕಪ್ಪನ ಮುಂದೆ ಗಾಡಿಯೇ ನಿಲ್ಲುತ್ತಿಲ್ಲ. ಚನ್ನಪಟ್ಟಣದ ಬೊಂಬೆ ಅಂಗಡಿಯವರನ್ನು ಕೇಳಿ. ಆಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ, ಗಿರಾಕಿ ಬರಲಿ ಅಂತ ರಸ್ತೆ ನೋಡುತ್ತಾ ಕೂತಿರುತ್ತಾರೆ. ಗಿರಾಕಿ ಮೇಲ್ಸೇತುವೆ ಮೇಲೆ ನೂರರ ವೇಗದಲ್ಲಿ ಹೋಗುತ್ತಿರುತ್ತಾನೆ.

ನಿಮ್ಮ ನಿದ್ದೆಗೆ ಮದ್ದು ಬೇಕಾ? ಮದ್ದೂರಿಗೆ ಇಳಿಯಿರಿ. ಒಂದು ವಡೆ, ಒಂದು ಕಾಫಿ, ಅರ್ಧ ಗಂಟೆ. ಅದು ಹುಟ್ಟಿದ್ದೇ ಮದ್ದೂರು ರೈಲು ನಿಲ್ದಾಣದಲ್ಲಿ, ದಾರಿಹೋಕರಿಗೋಸ್ಕರ. ಎರಡು ದಿನ ಇಟ್ಟರೂ ಕೆಡುವುದಿಲ್ಲ.

ಸುಮ್ನೆ ಓದುವವ | ಭಾನುವಾರ ರಾತ್ರಿ 11:45

ಮದ್ದೂರು ಅಂದಾಗ ನೆನಪಾಯಿತು. ಬಂಡೀಪುರದಲ್ಲೂ ಒಂದು ಮದ್ದೂರು ಇದೆ, ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೋಗುವ ರಸ್ತೆಯಲ್ಲಿ, ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ನಮ್ಮ ಮಾವ ಬೋರ್ಡು ನೋಡಿ, "ಬಂತು, ವಡೆ ತಗೊಳ್ಳೋಣ, ನಿಲ್ಸು" ಅಂದಿದ್ದರು. ಗಾರ್ಡ್ ಕಿಟಕಿಯಲ್ಲಿ ಬಗ್ಗಿ ನೋಡಿದಾಗ ವಡೆ ಎಷ್ಟು ಅಂತ ಕೇಳಿಯೇಬಿಟ್ಟರು.

ಎರಡು ಚಕ್ರ | ಸೋಮವಾರ ಬೆಳಗ್ಗೆ 7:05

ಮಂಡ್ಯದ ಮಗನಿಗೆ: ಬೈಕಿನವರು ಇನ್ನೂ ನಿಮ್ಮ ಊರೊಳಗೇ ಬರುತ್ತೇವೆ ಸ್ವಾಮಿ. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರು ಬಿಡುವುದಿಲ್ಲ. ಮೊದಮೊದಲು ಸಿಟ್ಟು ಬಂದಿತ್ತು. ಈಗ ಅದೇ ವಾಸಿ ಅನಿಸುತ್ತದೆ. ಬಿಡದಿಯ ತಟ್ಟೆ ಇಡ್ಲಿ, ಬೆಣ್ಣೆ, ಕೆಂಪು ಚಟ್ನಿ ನಮಗೆ. ಕಾರಿನವರಿಗೆ ಟೋಲು. ಆದರೆ ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವವರಿಗೆ ಲೆಕ್ಕವಿಲ್ಲ, ರಾತ್ರಿ ಬರಬೇಡಿ.

ಲೆಕ್ಕದ ಮೇಷ್ಟ್ರು | ಸೋಮವಾರ ಬೆಳಗ್ಗೆ 9:30

ಒಂದು ಸಣ್ಣ ಲೆಕ್ಕ. 118 ಕಿಲೋಮೀಟರ್ ಪೂರ್ತಿ ನೂರರಲ್ಲಿ ಬಂದರೆ 71 ನಿಮಿಷ. ನಿಯಮ ಮುರಿದು ನೂರಿಪ್ಪತ್ತರಲ್ಲಿ ಬಂದರೆ 59 ನಿಮಿಷ. ಉಳಿದದ್ದು 12 ನಿಮಿಷ. ಅದನ್ನು ನಾಯಂಡಹಳ್ಳಿ ಜಂಕ್ಷನ್ ಒಂದೇ ಗುಟುಕಿಗೆ ನುಂಗುತ್ತದೆ. ಮಿತಿ ನೂರು, ಕ್ಯಾಮೆರಾ ಇದೆ, ದಂಡದ ಚೀಟಿ ಮನೆಗೆ ಬರುತ್ತದೆ. 130 ದಾಟಿದರೆ 2024ರ ಆಗಸ್ಟ್‌ನಿಂದ ಎಫ್‌ಐಆರ್ ಕೂಡ.

ಈಗ ನಿಮ್ಮ ಲೆಕ್ಕ. ಕುಂಬಳಗೋಡಿನಿಂದ ರಾಗಿಗುಡ್ಡಕ್ಕೆ 115 ನಿಮಿಷ ಹಿಡಿದಿದೆ. ಅಂದರೆ ಪ್ರಯಾಣದ ಕೊನೆಯ ಇಪ್ಪತ್ತು ಚಿಲ್ಲರೆ ಕಿಲೋಮೀಟರಿಗೆ, ಮೈಸೂರಿನಿಂದ ಅಲ್ಲಿಯವರೆಗೆ ಓಡಿಸಿದ್ದಕ್ಕೆ ಹಿಡಿದಷ್ಟೇ ಹೊತ್ತು, ಹೆಚ್ಚುಕಡಿಮೆ. ಭಾನುವಾರ ಸಂಜೆ ಆರರಿಂದ ಹತ್ತರೊಳಗೆ ಕೆಂಗೇರಿ ಮುಟ್ಟಲೇಬಾರದು ಅಂತ ನನ್ನ ವಾದ. ಒಂದೋ ಮೂರಕ್ಕೆ ಮುಂಚೆ ಮೈಸೂರು ಬಿಡಿ, ಇಲ್ಲವೇ ಮೈಸೂರಿನಲ್ಲೇ ಮಲಗಿ ಸೋಮವಾರ ಬೆಳಗ್ಗೆ ನಾಲ್ಕೂವರೆಗೆ ಹೊರಡಿ. ನಮ್ಮ ದಾರಿ ಈಶಾನ್ಯಕ್ಕೆ. ಸಂಜೆಯ ಸೂರ್ಯ ಬೆನ್ನಿಗೆ ಬೀಳುತ್ತಾನೆ, ಬೆಳಗಿನವನು ಕಣ್ಣಿಗೇ ಹೊಡೆಯುತ್ತಾನೆ. ಹಾಗಾಗಿ ಬಿಸಿಲು ಏರುವ ಮುಂಚೆ ಬಿಡದಿ ದಾಟಿರಬೇಕು.

ಫಾಸ್ಟ್ಯಾಗ್ ವಿಷಯ: ವರ್ಷಕ್ಕೆ ನಾಲ್ಕೈದು ಸಲವಾದರೂ ಇಂಥ ಪ್ರವಾಸ ಹೋಗುವವರಾದರೆ ವಾರ್ಷಿಕ ಪಾಸ್ ನೋಡಿ. 2025ರ ಆಗಸ್ಟ್ 15ರಿಂದ ಸಿಗುತ್ತಿದೆ, ಶುರುವಾದಾಗ 3000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ರಾಷ್ಟ್ರೀಯ ಹೆದ್ದಾರಿಗೆ ಮಾತ್ರ. ಬಿಡದಿ, ಗಣಂಗೂರು, ಮೈಸೂರು ನಂಜನಗೂಡು ನಡುವಿನ ಕಡಕೊಳ, ಈ ಟೋಲುಗಳೆಲ್ಲ ಸೇರುತ್ತವೆ. ಬೆಂಗಳೂರಿನ ಹೊರವಲಯದ ಖಾಸಗಿ ನೈಸ್ ರಸ್ತೆಗೆ ನಡೆಯುವುದಿಲ್ಲ, ಅಲ್ಲಿ ಬೇರೆ ದುಡ್ಡು.

ಎರಡು ಚಕ್ರ | ಸೋಮವಾರ ಬೆಳಗ್ಗೆ 9:34

ನಾಲ್ಕೂಮುಕ್ಕಾಲಿಗೆ ಎದ್ದಿದ್ದರಿಂದಲೇ ಅವರಿಗೆ ನಿದ್ದೆ ಬಂದಿದ್ದು ಮೇಷ್ಟ್ರೇ.

ಸಂತೆಮರಹಳ್ಳಿ ಹುಡುಗಿ | ಸೋಮವಾರ ಬೆಳಗ್ಗೆ 11:15

ನೀವೆಲ್ಲ ಮೈಸೂರಿಗೆ ಯಾಕೆ ಹೋಗುತ್ತೀರಿ ಅಂತಲೇ ನನಗೆ ಅರ್ಥವಾಗುವುದಿಲ್ಲ. ಗುಂಡ್ಲುಪೇಟೆಯಲ್ಲಿ ಬಲಕ್ಕೆ ತಿರುಗಿ.

ತೆರಕಣಾಂಬಿ, ಚಾಮರಾಜನಗರ, ಸಂತೆಮರಹಳ್ಳಿ, ಯಳಂದೂರು, ಕೊಳ್ಳೇಗಾಲ. ಅಲ್ಲಿ ಸತ್ತೇಗಾಲದ ಹತ್ತಿರ ಕಾವೇರಿ ದಾಟಿ ಮಳವಳ್ಳಿ, ಹಲಗೂರು, ಸಾತನೂರು, ಕನಕಪುರ, ಹಾರೋಹಳ್ಳಿ, ಕಗ್ಗಲೀಪುರ. ನೇರ ಬನಶಂಕರಿಗೆ ಬಂದು ಬೀಳುತ್ತೀರಿ. ರಾಗಿಗುಡ್ಡದವರಿಗೆ ಇದಕ್ಕಿಂತ ಹತ್ತಿರದ ಬಾಗಿಲು ಯಾವುದು? ಕೆಂಗೇರಿಯ ಮುಖವನ್ನೇ ನೋಡಬೇಕಾಗಿಲ್ಲ.

ಮಳೆಗಾಲ ಶುರುವಾದ ಮೇಲೆ ಬಂದರೆ ಗುಂಡ್ಲುಪೇಟೆ ಸುತ್ತ ಸೂರ್ಯಕಾಂತಿ, ಚೆಂಡುಹೂವಿನ ಹೊಲ. ಯಳಂದೂರಿನಲ್ಲಿ ಒಂದು ಕಡೆ ಪೂರ್ತಿ ಬಿಳಿಗಿರಿರಂಗನ ಬೆಟ್ಟದ ಸಾಲು. ಹೊತ್ತು ಉಳಿದಿದ್ದರೆ ಶಿವನಸಮುದ್ರ. 1902ರಲ್ಲಿ ಅಲ್ಲಿ ಕರೆಂಟು ಉತ್ಪಾದನೆ ಶುರುವಾಗಿ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ನಿಮ್ಮ ಬೆಂಗಳೂರಿನ ಬೀದಿ ದೀಪಕ್ಕೆ. ಸುಮ್ನೆ ಹೇಳಿದೆ, ನಮ್ಮ ಕಡೆಯವರಿಗೆ ಅದೊಂದು ಹೆಮ್ಮೆ.

ಎಲ್ಲಕ್ಕಿಂತ ಮುಖ್ಯ, ಆ ದಾರಿಯಲ್ಲಿ ಊರುಗಳಿವೆ. ನಿದ್ದೆ ಬಂದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಇಳಿಯುವ ದಾರಿ ಹುಡುಕಬೇಕಾಗಿಲ್ಲ.

ಹಳೇ ಅಂಬಾಸಿಡರ್ | ಸೋಮವಾರ ಮಧ್ಯಾಹ್ನ 1:10

ಹಗಲಲ್ಲಾದರೆ ಒಪ್ಪುತ್ತೇನೆ ತಾಯಿ. ಕತ್ತಲಾದ ಮೇಲೆ ಬೇಡ. ನಾನು ಆ ಕಡೆ ಹೋದಾಗ ನಡುವೆ ವಿಭಜಕ ಇಲ್ಲದ ಜಾಗಗಳು ಸಾಕಷ್ಟು ಸಿಕ್ಕಿದ್ದವು. ಎದುರಿನವನ ಹೈಬೀಮ್ ಕಣ್ಣಿಗೆ ಚುಚ್ಚುತ್ತದೆ. ಮಳವಳ್ಳಿ ಸುತ್ತ ಕಬ್ಬಿನ ಟ್ರ್ಯಾಕ್ಟರುಗಳು, ಹಿಂದೆ ಒಂದು ಕೆಂಪು ಲೈಟೂ ಇಲ್ಲ. ಕಬ್ಬಿನ ತುದಿ ಗಾಜಿಗೆ ತಾಗುವ ತನಕ ಗೊತ್ತಾಗುವುದಿಲ್ಲ. ನಿದ್ದೆ ಬರುವುದಿಲ್ಲ, ನಿಜ. ಪ್ರಾಣ ಬಾಯಿಗೆ ಬಂದವನಿಗೆ ನಿದ್ದೆ ಹೇಗೆ ಬರುತ್ತದೆ!

ಕತ್ತಲಲ್ಲಿ ಬರಲೇಬೇಕೆಂದರೆ ಮೈಸೂರು ಹೆದ್ದಾರಿಯೇ ವಾಸಿ. ಸಂಜೆ ನಾಲ್ಕಕ್ಕೆ ಕೊಳ್ಳೇಗಾಲ ಬಿಟ್ಟಿದ್ದರೆ ಮಾತ್ರ ಕನಕಪುರ.

ಸಂತೆಮರಹಳ್ಳಿ ಹುಡುಗಿ | ಸೋಮವಾರ ಮಧ್ಯಾಹ್ನ 1:32

ಕಬ್ಬಿನ ವಿಷಯ ಸರಿ. ನಾಲ್ಕು ಗಂಟೆಯ ಮಾತೂ ಸರಿ. ಅದಕ್ಕೇ ನಂಜನಗೂಡಿನ ದರ್ಶನ ಹೋಗುವಾಗಲೇ ಮುಗಿಸಬೇಕು, ಬರುವಾಗ ಅಲ್ಲ.

ಹಿಂದಿನ ಸೀಟಿನವಳು | ಸೋಮವಾರ ಸಂಜೆ 6:20

ಎಲ್ಲರೂ ರಸ್ತೆ, ಟೋಲು, ವಡೆ ಅಂತ ಬರೆದಿರಿ. ನಾನು ಎರಡು ವಿಷಯ ಕೇಳುತ್ತೇನೆ.

ಒಂದು, ಶೌಚಾಲಯ. ಗಂಡಸರಿಗೆ ಇದು ಪ್ರಶ್ನೆಯೇ ಅಲ್ಲ. ಕಾಡಿನಿಂದ ಹೊರಟ ಮೇಲೆ ನಾನು ನೀರು ಕುಡಿಯುವುದನ್ನೇ ನಿಲ್ಲಿಸುತ್ತೇನೆ. ನನ್ನ ಅತ್ತೆಯೂ ಹಾಗೇ. ಹೆದ್ದಾರಿಗೆ ಹತ್ತಿದ ಮೇಲೆ ಮಗು "ಅಮ್ಮಾ, ಅರ್ಜೆಂಟು" ಅಂದರೆ ಎಲ್ಲಿಗೆ ಹೋಗಬೇಕು? ಸರ್ವಿಸ್ ರಸ್ತೆಗೆ ಇಳಿಯುವ ದಾರಿ ಮುಂದೆ ಎಷ್ಟು ದೂರದಲ್ಲಿದೆ ಅಂತ ನೋಡುತ್ತಾ ಕೂರಬೇಕು. ಸಿಕ್ಕ ಹೋಟೆಲಿನಲ್ಲಿ ಬಾಗಿಲಿಗೆ ಚಿಲಕ ಇರುವುದಿಲ್ಲ. ನಾವು ಈಗ ಲೆಕ್ಕ ಹಾಕಿಕೊಂಡಿದ್ದೇವೆ: ಮೈಸೂರು ರಿಂಗ್ ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಒಮ್ಮೆ, ಮದ್ದೂರಿನ ಯಾವುದಾದರೂ ದೊಡ್ಡ ಹೋಟೆಲಿನಲ್ಲಿ ಒಮ್ಮೆ. ಹಸಿವಿಲ್ಲದಿದ್ದರೂ ಇಳಿಯುತ್ತೇವೆ. ನೀರು ಕುಡಿಯದೆ ಕೂತರೆ ತಲೆನೋವು, ಆ ತಲೆನೋವಿಗೆ ಮನೆಯಲ್ಲಿ ಜಗಳ. ನಿಮಗೆ ಗೊತ್ತಿರಲಿ ಅಂತ ಹೇಳಿದೆ.

ಎರಡು. ರಾಗಿಗುಡ್ಡದವರೇ, ಹೆಂಡತಿ ಪಕ್ಕದಲ್ಲಿ ಕೂತು ಬಾದಾಮಿ ಕೊಡುತ್ತಿದ್ದರು ಅಂತ ಬರೆದಿದ್ದೀರಿ. ಅವರಿಗೆ ಡ್ರೈವಿಂಗ್ ಬರುವುದಿಲ್ಲವಾ?

ರಾಗಿಗುಡ್ಡದವನು | ಸೋಮವಾರ ರಾತ್ರಿ 9:15

ಬರುತ್ತದೆ.

ಹಿಂದಿನ ಸೀಟಿನವಳು | ಸೋಮವಾರ ರಾತ್ರಿ 9:17

ಮತ್ತೆ?

ರಾಗಿಗುಡ್ಡದವನು | ಸೋಮವಾರ ರಾತ್ರಿ 9:40

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ದಿನಾ ಜಯನಗರದಿಂದ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಆಫೀಸಿಗೆ ಕಾರು ಓಡಿಸುತ್ತಾಳೆ. ಸಿಲ್ಕ್ ಬೋರ್ಡ್ ದಾಟುವವರಿಗೆ ಮೈಸೂರು ಹೆದ್ದಾರಿ ಏನು ಮಹಾ ಅಲ್ವಾ? ಆದರೂ ಊರ ಹೊರಗೆ ಹೋಗುವಾಗ ಕೀಲಿ ನನ್ನ ಕೈಗೇ ಬರುತ್ತದೆ. ಯಾವತ್ತು ಹಾಗೆ ಶುರುವಾಯಿತೋ ಗೊತ್ತಿಲ್ಲ. ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಈಗ ನಿಮ್ಮ ಪ್ರಶ್ನೆ ತೋರಿಸಿದೆ. "ನೀನು ಕೊಡ್ತಿರಲಿಲ್ಲ" ಅಂದಳು. ನಾನು "ಕೇಳಿದ್ದರೆ ಕೊಡುತ್ತಿದ್ದೆ" ಅಂದೆ. "ಕೇಳಬೇಕಿತ್ತಾ?" ಅಂದಳು. ಈಗ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಸ್ವಲ್ಪ ಜಾಸ್ತಿಯಾಗಿದೆ.

ಸುಮ್ನೆ ಓದುವವ | ಸೋಮವಾರ ರಾತ್ರಿ 9:43

ಹುಲಿ ಕಾಣಲಿಲ್ಲ ಅಂದಿರಲ್ಲ.

ಕೆಂಗೇರಿ ಉಪನಗರ | ಮಂಗಳವಾರ ಬೆಳಗ್ಗೆ 8:10

ಕೆಂಗೇರಿಯ ಮುಖ ನೋಡಬೇಕಾಗಿಲ್ಲ ಅಂದ ಸಂತೆಮರಹಳ್ಳಿಯವರ ಮೇಲೆ ಕೋಪ ಇಲ್ಲ. ಇಲ್ಲಿ ಇರುವ ನಾವೇ ಭಾನುವಾರ ಸಂಜೆ ಹೊರಗೆ ಬರುವುದಿಲ್ಲ.

ಆದರೂ ಈ ಕಡೆಯಿಂದ ಬರುವವರಿಗೆ ಒಂದು ಉಪಾಯ. ಚಲ್ಲಘಟ್ಟಕ್ಕೆ 2023ರ ಅಕ್ಟೋಬರ್‌ನಿಂದ ಮೆಟ್ರೋ ಇದೆ. ವಯಸ್ಸಾದವರನ್ನು, ಮಕ್ಕಳನ್ನು ಅಲ್ಲೋ ಕೆಂಗೇರಿಯಲ್ಲೋ ಇಳಿಸಿಬಿಡಿ. ಜೊತೆಗೆ ದೊಡ್ಡವರು ಒಬ್ಬರು ಹೋಗಲಿ. ನೇರಳೆ ಲೈನಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ಹಸಿರಿನಲ್ಲಿ ಆರ್.ವಿ. ರೋಡ್, ಅಲ್ಲಿಂದ ಹಳದಿಯಲ್ಲಿ ಒಂದೇ ಸ್ಟೇಷನ್, ರಾಗಿಗುಡ್ಡ. ಮೂರು ಬಣ್ಣ ಬದಲಾಯಿಸಿದರೂ ನಿಮ್ಮ 115 ನಿಮಿಷ ಆಗುವುದಿಲ್ಲ. ಕಾರು ಆಮೇಲೆ ನಿಧಾನವಾಗಿ ಬರಲಿ. ಬನಶಂಕರಿ, ಜೆ.ಪಿ. ನಗರದ ಕಡೆಯವರು ನೈಸ್ ರಸ್ತೆ ಹತ್ತಿ ಕನಕಪುರ ರಸ್ತೆಯಲ್ಲಿ ಇಳಿಯಬಹುದು. ದುಡ್ಡು ಹೋಗುತ್ತದೆ, ನಾಯಂಡಹಳ್ಳಿ ತಪ್ಪುತ್ತದೆ.

ನಮ್ಮ ಮನೆಯಲ್ಲಿ ಮಕ್ಕಳನ್ನು ಎಬ್ಬಿಸಲು ಅಲಾರಂ ಬೇಡ. ಕೊಳಚೆ ಹರಿಯುವ ವೃಷಭಾವತಿ ನದಿಯ ವಾಸನೆ ಬಂದರೆ ತಾವೇ ಎದ್ದು ಚಪ್ಪಲಿ ಹುಡುಕುತ್ತವೆ.

ಹಳೇ ಅಂಬಾಸಿಡರ್ | ಮಂಗಳವಾರ ಬೆಳಗ್ಗೆ 8:45

ಬಂಡೀಪುರದ ರಸ್ತೆಯನ್ನು 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಪ್ರಾಣಿಗಳಿಗೆ ಬಿಟ್ಟುಕೊಟ್ಟಿದ್ದಾರೆ. ಊಟಿಯಿಂದ ಬರುವವರೂ ವಯನಾಡಿನಿಂದ ಬರುವವರೂ ಗೇಟು ಹಾಕುವ ಹೊತ್ತಿಗೆ ಲೆಕ್ಕ ಇಟ್ಟೇ ಹೊರಡುತ್ತಾರೆ. ನಮ್ಮ ಮನೆಯಲ್ಲೂ ಹಾಗೊಂದು ಗೇಟು ಮಾಡಿದ್ದೇವೆ: ನಾಲ್ಕು ಗಂಟೆಗೆ ನಂಜನಗೂಡಿನ ಈಚೆ ಇರದಿದ್ದರೆ ಆ ರಾತ್ರಿ ಮೈಸೂರಿನಲ್ಲೇ. ನನ್ನ ಮೊಮ್ಮಗ ಇದಕ್ಕೆ ಅಜ್ಜನ ಚೆಕ್‌ಪೋಸ್ಟ್ ಅನ್ನುತ್ತಾನೆ.

ನಂಜನಗೂಡು ಅಂದ ಮೇಲೆ ಇದೊಂದು ಹೇಳಿಬಿಡುತ್ತೇನೆ. ಅಲ್ಲಿ ಕಪಿಲೆಯ ಮೇಲೆ 1735ರ ಸೇತುವೆ ಇದೆ. ಒಂದು ಕಾಲಕ್ಕೆ ರೈಲೂ ಗಾಡಿಗಳೂ ಅದೇ ಸೇತುವೆಯ ಮೇಲೆ ಓಡಾಡುತ್ತಿದ್ದವು. ಹೊಸ ಸೇತುವೆಯ ಮೇಲೆ ಹೋಗುವಾಗ ಪಕ್ಕಕ್ಕೆ ನೋಡಿ. ಓಡಿಸುವವರು ನೋಡಬೇಡಿ.

ಮಂಡ್ಯದ ಮಗ | ಮಂಗಳವಾರ ಬೆಳಗ್ಗೆ 9:02

ರಸಬಾಳೆ ಬಿಟ್ಟಿರಿ.

ರಾಗಿಗುಡ್ಡದವನು | ಮೂರು ವಾರದ ನಂತರ, ಭಾನುವಾರ ರಾತ್ರಿ 8:30

ಯಾರಾದರೂ ಇನ್ನೂ ಓದುತ್ತಿದ್ದರೆ, ಇದು ಎರಡನೇ ಕಂತು.

ಚಾಮರಾಜನಗರದಲ್ಲಿ ಮದುವೆ ಇತ್ತು. ಮುಹೂರ್ತ ಭಾನುವಾರ ಬೆಳಗ್ಗೆ. ಮಗಳು ಹಟ ಮಾಡಿದಳು ಅಂತ ಶುಕ್ರವಾರವೇ ಹೊರಟು ಮತ್ತೆ ಬಂಡೀಪುರ. ಈ ಸಲವೂ ಹುಲಿ ಇಲ್ಲ. ಆದರೆ ಒಂದು ಆನೆ ಮರಿಯ ಜೊತೆ ರಸ್ತೆ ದಾಟಿತು. ನಾವು ದೂರದಲ್ಲೇ ಎಂಜಿನ್ ನಿಲ್ಲಿಸಿ ಕೂತೆವು. ಹಿಂದಿನ ಗಾಡಿಯವನು ಹಾರ್ನ್ ಮಾಡಿದ. ಅವನನ್ನು ಅಮ್ಮ ನೋಡಿದ ನೋಟಕ್ಕೆ ಆಮೇಲೆ ತೆಪ್ಪಗಾದ.

ಮದುವೆ ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕೂತು, ಒಂದೂವರೆಗೆ ಚಾಮರಾಜನಗರ ಬಿಟ್ಟೆವು. ಸಂತೆಮರಹಳ್ಳಿಯವರ ದಾರಿ. ಮಳವಳ್ಳಿಯ ತನಕ ನಾನು ಓಡಿಸಿದೆ. ಎಲೆಯ ತುಂಬ ತಿಂದಿದ್ದ ಹೋಳಿಗೆ ತನ್ನ ಕೆಲಸ ಶುರು ಮಾಡಿತ್ತು. ಮಳವಳ್ಳಿಯಲ್ಲಿ ಕಾಫಿಗೆ ನಿಲ್ಲಿಸಿದೆ. ಸೀಟು ಬಾಗಿಸಿ ಇಪ್ಪತ್ತು ನಿಮಿಷ ಮಲಗಿದೆ, ಅಂಬಾಸಿಡರ್ ಅವರ ಮದ್ದು. ಎದ್ದು ನೋಡಿದರೆ ಹೆಂಡತಿ ಹೊರಗೆ ನಿಂತು ಬಾಗಿಲು ತೆಗೆದಿದ್ದಾಳೆ. "ಆ ಕಡೆ ಹೋಗು" ಅಂದಳು, ಅಷ್ಟೇ.

ಪಕ್ಕದ ಸೀಟಿನಲ್ಲಿ ಕೂರುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಹಲಗೂರಿನ ತನಕ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದ್ದೆ. ಒಂದು ಕಬ್ಬಿನ ಟ್ರ್ಯಾಕ್ಟರನ್ನು ಅವಳು ದಾಟುವಾಗ ಕೈ ತಾನೇ ಹಿಡಿಕೆಗೆ ಹೋಯಿತು. ಅವಳು ನನ್ನ ಹಾಗೆ ನುಗ್ಗುವುದಿಲ್ಲ, ಎದುರು ಪೂರ್ತಿ ಖಾಲಿಯಾಗುವ ತನಕ ಹಿಂದೆಯೇ ಇರುತ್ತಾಳೆ. ಸಾತನೂರು ದಾಟಿದ ಮೇಲೆ ನನಗೆ ಬೇಸರವಾಗಿ ಬಾದಾಮಿ ಡಬ್ಬಿ ತೆಗೆದೆ. "ಈಗ ಗೊತ್ತಾಯಿತಾ ಅದನ್ನು ಯಾಕೆ ಇಟ್ಟಿರುತ್ತೇನೆ ಅಂತ?" ಅಂದಳು.

ಹಾರೋಹಳ್ಳಿಯ ಹತ್ತಿರ ಮಗಳು ಎಡಬಲ ನೋಡುತ್ತಾ, "ಕಾಡು ಮುಗೀತಾ?" ಅಂದಳು. ಮುಗೀತು ಅನ್ನಲು ಹೊರಟವನು ತಡೆದೆ. ಬಲಗಡೆ ದೂರಕ್ಕೆ ಕಾಣುತ್ತಿದ್ದ ಗುಡ್ಡಗಳು ಬನ್ನೇರುಘಟ್ಟದ ಕಡೆಯವು. ನಾವೆಲ್ಲ ಅದನ್ನು ಮೃಗಾಲಯ ಅಂದುಕೊಂಡಿದ್ದೇವೆ. ಆದರೆ 1974ರಿಂದ ಅದೂ ರಾಷ್ಟ್ರೀಯ ಉದ್ಯಾನ. ಹಾರೋಹಳ್ಳಿ, ಕೋಡಿಹಳ್ಳಿ ವಲಯಗಳು ಅದರದ್ದೇ. ಕನಕಪುರ ತಾಲ್ಲೂಕಿನ ಹೊಲಗಳಿಗೆ ಆನೆ ಇಳಿಯುವುದು ಹೊಸ ವಿಷಯವಲ್ಲ. ಒಂದು ರಾಷ್ಟ್ರೀಯ ಉದ್ಯಾನ ನೋಡಿ ಮನೆಗೆ ಬರುವ ದಾರಿಯಲ್ಲಿ ಇನ್ನೊಂದರ ಪಕ್ಕದಲ್ಲೇ ಬರುತ್ತೇವೆ ಅಂತ ಇಷ್ಟು ವರ್ಷ ಬನಶಂಕರಿ ಸುತ್ತ ಇದ್ದೂ ನನಗೆ ಹೊಳೆದಿರಲಿಲ್ಲ. ಮಗಳು ಕಿಟಕಿಗೆ ಮೂಗು ಒತ್ತಿಕೊಂಡು ಕಗ್ಗಲೀಪುರದ ತನಕ ಆನೆ ಹುಡುಕಿದಳು. ಒಂದು ಜೆಸಿಬಿಯನ್ನು ಆನೆ ಅಂದಳು.

ರೇಷ್ಮೆ ಸಂಸ್ಥೆಯ ಮೆಟ್ರೋ ಸ್ಟೇಷನ್ನಿನಲ್ಲಿ ಅಮ್ಮ, ಮಗಳ ಜೊತೆ ನಾನೂ ಇಳಿದೆ. ಹಸಿರು ಲೈನಿನಲ್ಲಿ ಆರ್.ವಿ. ರೋಡ್, ಅಲ್ಲಿ ಸ್ವಲ್ಪ ಕಾದು ಹಳದಿ ಹತ್ತಿ ರಾಗಿಗುಡ್ಡ. ಹೆಂಡತಿ ಒಬ್ಬಳೇ ಕಾರು ತಂದಳು. ನಾವು ಮನೆ ಮುಟ್ಟಿ, ಅಮ್ಮ ಕಾಲು ತೊಳೆದು ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಗೇಟಿನ ಹತ್ತಿರ ಹಾರ್ನ್ ಕೇಳಿಸಿತು. ಹೊತ್ತು ಆರೂಮುಕ್ಕಾಲು. ಬ್ಯಾಗುಗಳನ್ನೆಲ್ಲ ಇವತ್ತೇ ಇಳಿಸಿದೆ. ಮುಂದಿನ ಸಲ ಗುಂಡ್ಲುಪೇಟೆಯಿಂದಲೇ ತಾನು ಓಡಿಸುವುದಂತೆ, ಊಟದ ಮುಂಚಿನ ಒಳ್ಳೆ ರಸ್ತೆಯೆಲ್ಲ ನನಗೆ, ಕಬ್ಬಿನ ಟ್ರ್ಯಾಕ್ಟರು ಮಾತ್ರ ತನಗೆ ಯಾಕೆ ಅಂತ ಕೇಳುತ್ತಿದ್ದಾಳೆ.

ಹಿಂದಿನ ಸೀಟಿನವಳು | ಭಾನುವಾರ ರಾತ್ರಿ 8:41

ಶೌಚಾಲಯ?

ರಾಗಿಗುಡ್ಡದವನು | ಭಾನುವಾರ ರಾತ್ರಿ 8:44

ಮದುವೆ ಛತ್ರದಲ್ಲಿ ಒಮ್ಮೆ, ಮಳವಳ್ಳಿಯಲ್ಲಿ ಒಮ್ಮೆ, ಕನಕಪುರದ ಪೆಟ್ರೋಲ್ ಬಂಕಿನಲ್ಲಿ ಒಮ್ಮೆ. ಮಳವಳ್ಳಿಯಲ್ಲಿ ಚಿಲಕ ಇರಲಿಲ್ಲ, ಅಮ್ಮ ಬಾಗಿಲು ಹಿಡಿದು ನಿಂತಿದ್ದರು. ಈ ಸಲ ನೀರು ಕುಡಿದೇ ಬಂದರು.

ಮಂಡ್ಯದ ಮಗ | ಭಾನುವಾರ ರಾತ್ರಿ 9:10

ಎಲ್ಲ ಸರಿ. ಮತ್ತೆ ವಡೆ ತಿನ್ನಲಿಲ್ಲ.